ಅಬ್ಬೆತುಮಕೂರಿನ ಬಿಸಿಲು, ಸಿಮೆಂಟಿನ ಸಜ್ಜಾ

ಏಪ್ರಿಲ್ ತಿಂಗಳ ಇಳಿಹೊತ್ತಿಗೆ ಯಾದಗಿರಿ ದಾಟಿ ಅಬ್ಬೆತುಮಕೂರಿನ ಹಾದಿ ಹಿಡಿದರೆ ಎರಡೂ ಮಗ್ಗುಲಿಗೆ ಎರೆಹೊಲ ಬಾಯಿಬಿಟ್ಟುಕೊಂಡು ಬಿದ್ದಿರುತ್ತದೆ. ತೊಗರಿ ರಾಶಿಯಾಗಿ ತಿಂಗಳುಗಳು ಕಳೆದಿವೆ. ಕಿತ್ತ ಹತ್ತಿಕಟ್ಟಿಗೆಯ ಹೊರೆಗಳು ಬದುವಿನ ಮೇಲೆ ಒಣಗುತ್ತಿವೆ. ದೂರದಲ್ಲಿ ಬಂಡೆಗುಡ್ಡಗಳು ಬಿಸಿಲ ಝಳಕ್ಕೆ ನೀರಿನಲ್ಲಿ ಕಂಡ ಹಾಗೆ ಅಲುಗಾಡುತ್ತವೆ. ಈ ಊರಿಗೆ ಬರುವವರು ಬರುವುದು ವಿಶ್ವಾರಾಧ್ಯರ ಸಿದ್ಧಸಂಸ್ಥಾನ ಮಠಕ್ಕೆ. ಗದ್ದುಗೆಗೆ ನಮಸ್ಕರಿಸಿ, ಕಾಯಿ ಒಡೆಸಿ, ದಾಸೋಹದಲ್ಲಿ ಉಂಡು, ನೆರಳಿನಲ್ಲಿ ಒಂದು ಗಳಿಗೆ ಅಡ್ಡಾಗಿ, ಬಿಸಿಲು ಇಳಿದ ಮೇಲೆ ಹೊರಡುತ್ತಾರೆ. ಊರಿನ ಓಣಿಗಳಲ್ಲಿ ಮನೆಗಳನ್ನು ನೋಡುತ್ತ ತಿರುಗುವವರು ಕಡಿಮೆ. ಮನೆ ನೋಡಲು ಬಾದಾಮಿಗೋ ಬೀದರಿಗೋ ಹೋಗಬೇಕು ಎಂಬುದು ನಮ್ಮ ನಂಬಿಕೆ.

ಆದರೆ ಕಟ್ಟಡ ಕಲೆಯ ಇತಿಹಾಸ ಓದಲು ಇಂಥ ಓಣಿಯಷ್ಟು ಒಳ್ಳೆಯ ಪುಸ್ತಕ ಇನ್ನೊಂದಿಲ್ಲ. ಕಲ್ಯಾಣ ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಮೂರು ಕಾಲದ ಮನೆಗಳು ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿರುತ್ತವೆ. ಒಂದು ಮಣ್ಣಿನ ಮಾಳಿಗೆಯ ಮನೆ. ಅದರ ಪಕ್ಕದಲ್ಲಿ ನಲವತ್ತೋ ಐವತ್ತೋ ವರ್ಷದ ಹಿಂದೆ ಎದ್ದ ಸ್ಲ್ಯಾಬಿನ ಮನೆ. ಅದರಾಚೆ ಕಳೆದ ವರ್ಷ ಗೃಹಪ್ರವೇಶವಾದ, ಮುಂದುಗಡೆ ಗಾಜು ಹೊಳೆಯುವ ಮನೆ. ಮಣ್ಣಿನ ಮನೆಯನ್ನು ಹೊಗಳುವವರು ಇದ್ದಾರೆ, ಗಾಜಿನ ಮನೆಯನ್ನು ಕಂಡು ಬೆರಗಾಗುವವರೂ ಇದ್ದಾರೆ. ನಡುವಿನ ಆ ಸ್ಲ್ಯಾಬಿನ ಮನೆಯನ್ನು ಮಾತ್ರ ಯಾರೂ ನೋಡುವುದಿಲ್ಲ. ಅದು ಹಳೆಯದೂ ಅಲ್ಲ, ಹೊಸದೂ ಅಲ್ಲ. ಸುಣ್ಣ ಮಾಸಿದೆ, ಸಜ್ಜಾದ ಅಂಚಿನಲ್ಲಿ ಪಾಚಿಯ ಕಪ್ಪು ಗೆರೆಗಳು ಇಳಿದಿವೆ. ನನಗೆ ಹೇಳಬೇಕಿರುವುದು ಅದರ ಕಥೆಯನ್ನೇ.

ಮೊದಲು ಅದರ ನೆರೆಯವನನ್ನು ಕಂಡುಬರೋಣ. ಮಾಳಿಗೆ ಮನೆಯ ಗೋಡೆ ಎರಡಡಿಯಿಂದ ಮೂರಡಿ ದಪ್ಪ; ಹೊಲದಿಂದ, ಗುಡ್ಡದಿಂದ ತಂದ ಕಲ್ಲನ್ನು ಮಣ್ಣಿನ ಕೆಸರಿನಲ್ಲಿ ಕೂಡಿಸಿದ್ದು. ಬೀದಿಯ ಕಡೆ ಕಿಟಕಿಯೇ ಇಲ್ಲವೆನ್ನಬೇಕು. ಬಾಗಿಲಿನ ಅತ್ತಿತ್ತ ಕುಳಿತು ಮಾತಾಡಲು ಕಟ್ಟೆ. ಒಳಗೆ ಕಾಲಿಟ್ಟರೆ ಪಡಸಾಲೆ, ಒಂದು ಮೆಟ್ಟಿಲು ಕೆಳಗೆ ದನದ ಗೋದಲಿ. ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ. ಜಂತಿಯ ಮೇಲೆ ಹಲಗೆಯೋ ಪರಸಿಯೋ, ಅದರ ಮೇಲೆ ಸೊಪ್ಪು, ಆಮೇಲೆ ಒಂದಡಿಗೆ ಕಡಿಮೆಯಿಲ್ಲದ ಮಣ್ಣು, ತುದಿಗೆ ನೀರು ಇಳಿಯದಂತೆ ಸವುಳು ಮಣ್ಣಿನ ಹೊದಿಕೆ. ಮಾಳಿಗೆಯಲ್ಲಿ ಅಲ್ಲಲ್ಲಿ ಬೆಳಕಿಂಡಿ. ನಡುಹಗಲಿಗೆ ಅದರಿಂದ ಇಳಿದ ಬೆಳಕಿನ ಕೋಲು ನೆಲದ ಮೇಲೆ ನಿಧಾನಕ್ಕೆ ಸರಿಯುತ್ತ ಗಡಿಯಾರದ ಕೆಲಸವನ್ನೂ ಮಾಡುತ್ತದೆ. ಹೊರಗೆ ನಲವತ್ತಮೂರು ಡಿಗ್ರಿ ಇದ್ದಾಗ ಒಳಗೆ ಅಜ್ಜಿ ಕೌದಿ ಹಾಸಿ ಮಲಗಿರುತ್ತಾಳೆ. ಆದರೆ ಮಳೆಗಾಲದಲ್ಲಿ ಇದೇ ಮನೆಯ ಒಳಗೆ ಪಾತ್ರೆಗಳನ್ನು ಸಾಲಾಗಿ ಇಟ್ಟು ಸೋರುವ ನೀರು ಹಿಡಿಯಬೇಕು, ಪ್ರತಿ ವರ್ಷ ಮಾಳಿಗೆಗೆ ಮಣ್ಣು ಹಾಕಬೇಕು. ಜಡಿಮಳೆ ಹಿಡಿದರೆ ಗೋಡೆ ಯಾವಾಗ ಕುಸಿಯುತ್ತದೋ ಎಂಬ ಹೆದರಿಕೆಯಲ್ಲಿ ರಾತ್ರಿ ಕಳೆಯಬೇಕು. ಮಾಳಿಗೆಯ ತಂಪನ್ನು ಹೊಗಳಿ ಬರೆಯುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಅಲ್ಲಿ ಇದ್ದವರು ಬಿಡುವುದಿಲ್ಲ.

ಹಾಗಾಗಿ ಕೈಯಲ್ಲಿ ನಾಲ್ಕು ಕಾಸು ಕೂಡಿದ ಕೂಡಲೇ ಸ್ಲ್ಯಾಬು ಬಂತು. ನಡುವಿನ ಮನೆಯ ಎದುರು ನಿಂತು ನೋಡಿ. ಪೆಟ್ಟಿಗೆಯಂತೆ ಚೌಕ. ಕೆತ್ತನೆಯಿಲ್ಲ, ಕಮಾನಿಲ್ಲ, ಕಂಬದ ಮೇಲೆ ಬೋದಿಗೆಯಿಲ್ಲ. ಸೂರು ಮಟ್ಟಸ. ಮುಂದೆ ಎರಡು ತೆಳು ಕಂಬಗಳ ಮೇಲೆ, ಇಲ್ಲವೆ ಕಂಬವೇ ಇಲ್ಲದೆ ಮುಂಚಾಚಿದ ಪೋರ್ಟಿಕೊ. ಕಿಟಕಿಗಳು ನಿಲುವಿಗಿಂತ ಅಗಲ ಹೆಚ್ಚು, ಮೇಲ್ಗಡೆ ಗೋಡೆಯ ತುದಿಗೆ ಸಣ್ಣ ವೆಂಟಿಲೇಟರ್‌ಗಳು. ಕಿಟಕಿಯ ಮೇಲಿನ ಸಜ್ಜಾ ಒಂದೊಂದು ಕಿಟಕಿಗೆ ಬೇರೆ ಬೇರೆಯಾಗಿ ಇರದೆ ಮನೆಯ ಉದ್ದಕ್ಕೂ ಒಂದೇ ಪಟ್ಟಿಯಾಗಿ ಓಡಿ, ಮೂಲೆಯಲ್ಲಿ ತಿರುಗಿ, ಪಕ್ಕದ ಗೋಡೆಗೂ ಹೋಗುತ್ತದೆ. ಜಗಲಿಯ ಒಂದು ಬದಿಗೆ ಸಿಮೆಂಟಿನ ಜಾಳಿ. ಮೇಲೆ ಪ್ಯಾರಾಪೆಟ್ಟಿನ ನಡುವೆ ಗಾರೆಯಲ್ಲಿ ಎತ್ತಿ ಬರೆದ ಇಸವಿ, ಅದರ ಪಕ್ಕ ಒಂದು ಓಂ ಅಥವಾ ಲಿಂಗ, ಕೆಲವೊಮ್ಮೆ ಎರಡು ಹಂಸ. ಅಲಂಕಾರ ಅಂತ ಇರುವುದು ಅಷ್ಟೇ.

ಈ ಚೌಕ, ಈ ಮಟ್ಟಸ ಸೂರು, ಈ ಬೋಳು ಗೋಡೆ ಯಾದಗಿರಿಯ ಗೌಂಡಿಯ ಕೈಗೆ ಬಂದದ್ದು ಬಹಳ ದೂರದಿಂದ. ಜರ್ಮನಿಯಲ್ಲಿ 1919ರಲ್ಲಿ ಶುರುವಾಗಿ 1933ರಲ್ಲಿ ನಾಜಿಗಳ ಕಾಟಕ್ಕೆ ಮುಚ್ಚಿದ ಬೌಹೌಸ್ ಎಂಬ ಕಲಾಶಾಲೆ, ವಸ್ತು ಯಾವ ಕೆಲಸಕ್ಕೆ ಬೇಕೋ ಆ ಕೆಲಸವೇ ಅದರ ರೂಪವನ್ನು ಹೇಳಬೇಕು ಎಂದು ಕಲಿಸಿತು. 1920ರ ದಶಕದ ಕೊನೆಗೆ ಲ ಕಾರ್ಬೂಸಿಯೆ ಎಂಬ ಸ್ವಿಸ್-ಫ್ರೆಂಚ್ ವಾಸ್ತುಶಿಲ್ಪಿ ಹೊಸ ಕಟ್ಟಡಕ್ಕೆ ಐದು ಸೂತ್ರ ಬರೆದ: ಮನೆಯನ್ನು ಕಂಬಗಳ ಮೇಲೆ ನೆಲದಿಂದ ಎತ್ತಬೇಕು, ಸೂರಿನ ಮೇಲೆ ತೋಟ ಇರಬೇಕು, ಒಳಗಿನ ಗೋಡೆಗಳು ಎಲ್ಲಿ ಬೇಕಾದರೂ ನಿಲ್ಲುವಂತಿರಬೇಕು, ಕಿಟಕಿ ಉದ್ದದ ಪಟ್ಟಿಯಾಗಿ ಓಡಬೇಕು, ಮುಂಗೋಡೆ ಭಾರ ಹೊರುವ ಕೆಲಸದಿಂದ ಬಿಡುಗಡೆ ಹೊಂದಬೇಕು. ಭಾರವನ್ನೆಲ್ಲ ಕಬ್ಬಿಣದ ಸಳಿ ಹಾಕಿದ ಕಾಂಕ್ರೀಟ್ ಕಂಬ, ತೊಲೆಗಳು ಹೊತ್ತುಕೊಂಡ ಮೇಲೆ ಗೋಡೆ ಬರೀ ಪರದೆ. ಈ ಹೊಸ ಕಟ್ಟಡಗಳನ್ನು 1932ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕಿಟ್ಟಾಗ ‘ಅಂತರರಾಷ್ಟ್ರೀಯ ಶೈಲಿ’ ಎಂಬ ಹೆಸರು ಅಂಟಿಕೊಂಡಿತು.

ಆ ಐದರಲ್ಲಿ ನಮ್ಮ ಕಡೆ ಎಷ್ಟು ಬಂದವು? ಕಂಬದ ಮೇಲೆ ಎತ್ತಿದ ಮನೆ ಬರಲಿಲ್ಲ. ನೆಲಕ್ಕೆ ಅಂಟಿಕೊಂಡು ಕಟ್ಟೆಯ ಮೇಲೆ ಕೂರದಿದ್ದರೆ ನಮ್ಮವರಿಗೆ ಮನೆ ಅನ್ನಿಸುವುದಿಲ್ಲ. ಪಟ್ಟಿ ಕಿಟಕಿ ಅರ್ಧ ಬಂತು. ಸೂರಿನ ತೋಟದ ಮಾತು ಕೇಳಿದ್ದರೆ ಇಲ್ಲಿನ ಹಿರಿಯರು ನಗುತ್ತಿದ್ದರೇನೋ. ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಒಣಗಿಸಿ, ಮೆಣಸಿನಕಾಯಿ ಹರವಿ, ಬೇಸಿಗೆಯ ರಾತ್ರಿ ಮನೆಮಂದಿಯೆಲ್ಲ ಹಾಸಿಗೆ ಹೊತ್ತು ಹತ್ತಿ ಚುಕ್ಕಿ ಎಣಿಸುತ್ತ ಮಲಗುವುದು ಈ ನಾಡಿನಲ್ಲಿ ಪ್ಯಾರಿಸ್ಸಿನವರು ಕಂಡುಹಿಡಿದ ಸಂಗತಿಯಲ್ಲ. ಮಟ್ಟಸ ಸೂರು ಯುರೋಪಿನಲ್ಲಿ ಕ್ರಾಂತಿಯಾಗಿದ್ದಕ್ಕೆ ಕಾರಣ, ಅಲ್ಲಿ ಹಿಮ ಬೀಳುತ್ತದೆ, ಸೂರು ಇಳಿಜಾರಾಗಿಯೇ ಇರಬೇಕಿತ್ತು. ನಮ್ಮಲ್ಲಿ ಹೊಸ ಕಾಲದ ಮನೆ ಹಳೆಯ ಮನೆಯ ಆಕಾರವನ್ನೇ ಹೊತ್ತು ಬಂತು. ಬಹುಶಃ ಆದ್ದರಿಂದಲೇ ಅದು ಯಾರಿಗೂ ಪರಕೀಯ ಅನ್ನಿಸಲಿಲ್ಲ.

ಬಂದ ದಾರಿ ಯಾವುದು? ದೊಡ್ಡ ವಾಸ್ತುಶಿಲ್ಪಿಗಳು ಯಾರೂ ಈ ಕಡೆ ಹಾಯಲಿಲ್ಲ. ಬಂದದ್ದು ರೈಲು, ಸಿಮೆಂಟಿನ ಚೀಲ ಮತ್ತು ಕಟ್ಟಡದ ಕೆಲಸ ನೋಡಿಕೊಳ್ಳುವ ಓವರ್‌ಸೀಯರ್. 1871ರಲ್ಲೇ ಮುಂಬಯಿಯಿಂದ ರಾಯಚೂರಿಗೆ ರೈಲು ಹಳಿ ಯಾದಗಿರಿಯ ಮೇಲೆ ಹಾದಿತ್ತು. ಅದೇ ಹಳಿಯಲ್ಲಿ ಮುಂಬಯಿಯ ಕಡೆ ತಾಸಿನ ಆಚೀಚೆಯ ದಾರಿಯಲ್ಲಿ ವಾಡಿ, ಶಹಾಬಾದ್. ಅಲ್ಲಿಯ ನೆಲ ಅಗೆದರೆ ಹಾಳೆ ಹಾಳೆಯಾಗಿ ಏಳುವ ಸುಣ್ಣಕಲ್ಲು. ಭೀಮಾ ಕೊಳ್ಳದ ಈ ಕಲ್ಲಿನ ಪದರ ಚಿತ್ತಾಪುರ, ಸೇಡಂಗಳಿಂದ ಹಿಡಿದು ಶಹಾಪುರದ ಸೀಮೆಯವರೆಗೂ ಹಬ್ಬಿದೆ. ಎಬ್ಬಿಸಿ ಚೌಕ ಕಡಿದರೆ ಪರಸಿ, ಸುಟ್ಟು ಅರೆದರೆ ಸಿಮೆಂಟು. ನಿಜಾಮರ ಕಾಲದಲ್ಲೇ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಹೊಗೆಯಾಡತೊಡಗಿತ್ತು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದಿನದೂ ಅದರಲ್ಲಿ ಸೇರಿತು. ಸಿಮೆಂಟ್ ಮಾರುವವರು ಚೀಲದ ಜೊತೆಗೆ ರುಚಿಯನ್ನೂ ಮಾರಿದರು: ಕಾಂಕ್ರೀಟ್ ಮನೆಗಳ ನಕ್ಷೆ, ಫೋಟೊಗಳ ಪುಸ್ತಿಕೆಗಳನ್ನು ಅಚ್ಚು ಹಾಕಿಸಿ ಎಂಜಿನಿಯರುಗಳಿಗೆ ಹಂಚಿದರು. ಅದೇ ಕಾಲಕ್ಕೆ ಪುಣೆಯಲ್ಲಿ ಆರ್.ಎಸ್. ದೇಶಪಾಂಡೆ ಎಂಬ ಎಂಜಿನಿಯರ್ ಮಧ್ಯಮ ವರ್ಗದವರಿಗೆ ಅಗ್ಗದ, ಆರೋಗ್ಯಕರ ಮನೆಗಳ ನಕ್ಷೆಯ ಪುಸ್ತಕಗಳನ್ನು ಒಂದರ ಹಿಂದೊಂದು ಬರೆದರು. ಆ ಬಗೆಯ ನಕ್ಷೆಗಳು ಕೈಯಿಂದ ಕೈಗೆ ದಾಟಿ, ಓವರ್‌ಸೀಯರನ ಟ್ರೇಸಿಂಗ್ ಕಾಗದಕ್ಕೆ ಇಳಿದು, ಅಲ್ಲಿಂದ ಗೌಂಡಿಯ ಬೆರಳಿಗೆ ಬಂದವು. ಗೌಂಡಿಗೆ ಕಾರ್ಬೂಸಿಯೆ ಗೊತ್ತಿರಲಿಲ್ಲ. ಪಕ್ಕದ ಊರಿನ ಸಾಹುಕಾರರ ಮನೆ ಗೊತ್ತಿತ್ತು, ಅಷ್ಟು ಸಾಕಾಯಿತು.

ಇನ್ನೊಂದು ದಾರಿ ಸರಕಾರದ್ದು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಬ್ಲಾಕ್ ಆಫೀಸು, ದವಾಖಾನೆ, ಸಾಲೆ, ದನದ ಆಸ್ಪತ್ರೆ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಎದ್ದವು. 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಆ ಹೊತ್ತಿಗೆ ಬೆಂಗಳೂರಿನಲ್ಲಿ ವಿಧಾನಸೌಧ ಮುಗಿದು ನಿಂತಿತ್ತು.

ವಿಧಾನಸೌಧದ ವಿಷಯ ಇಲ್ಲಿ ಬರಲೇಬೇಕು. 1951ರ ಜುಲೈಯಲ್ಲಿ ನೆಹರೂ ಅದಕ್ಕೆ ಅಡಿಗಲ್ಲಿಟ್ಟರು. ಅದೇ 1951ರಲ್ಲಿ ಅದೇ ನೆಹರೂ ಕರೆಸಿದ ಲ ಕಾರ್ಬೂಸಿಯೆ ಚಂಡೀಗಢದ ನಕ್ಷೆ ಬಿಡಿಸುತ್ತಿದ್ದ. ಸ್ವತಂತ್ರ ದೇಶದ ಕಟ್ಟಡ ಹೇಗಿರಬೇಕು ಎಂಬ ಒಂದೇ ಪ್ರಶ್ನೆಗೆ ಎರಡು ಎದುರು-ಬದುರು ಉತ್ತರ. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಕಂ ಅವರ ಕೈಯಲ್ಲಿ ಕಲ್ಲಿನ ಕಂಬ, ಗುಮ್ಮಟ, ದ್ರಾವಿಡ ಕೆತ್ತನೆ ತಂದು ನಿಲ್ಲಿಸಿದರು. ಕಾರ್ಬೂಸಿಯೆ ಬೋಳು ಕಾಂಕ್ರೀಟನ್ನು ಹಾಗೇ ಬಿಟ್ಟ, ಹಲಗೆಯ ಗುರುತೂ ಮುಚ್ಚಲಿಲ್ಲ. ಅವನ ಹೈಕೋರ್ಟು 1955ಕ್ಕೆ ಸಿದ್ಧವಾಯಿತು. ಸರಕಾರದ ಮುಖಕ್ಕೆ ನಮ್ಮವರು ವಿಧಾನಸೌಧವನ್ನು ಆರಿಸಿಕೊಂಡರು. ಮುಂದೆ ಅನೇಕ ತಾಲ್ಲೂಕುಗಳಲ್ಲಿ ಒಂದೊಂದು ಮಿನಿ ವಿಧಾನಸೌಧ ಎದ್ದಿತು. ಆದರೆ ಸಾಲೆಗೆ, ದವಾಖಾನೆಗೆ, ಕ್ವಾರ್ಟರ್ಸಿಗೆ, ಹಳ್ಳಿಯ ಮನೆಗೆ ಗೆದ್ದದ್ದು ಚಂಡೀಗಢದ ಪಕ್ಷವೇ. ಕೆತ್ತನೆಗೆ ದುಡ್ಡಿರಲಿಲ್ಲ ಎಂಬುದೂ ಕಾರಣ ಅನ್ನಿ.

ಮೈಸೂರು ಸಂಸ್ಥಾನದ ಕಡೆ ಈ ಕಥೆಗೆ ಒಬ್ಬ ನಾಯಕನಿದ್ದ: ಆಟೊ ಕೋನಿಗ್ಸ್‌ಬರ್ಗರ್. ಬರ್ಲಿನ್‌ನವನು, ಯಹೂದಿ, ಹಿಟ್ಲರ್ ಬಂದ ಮೇಲೆ ಊರು ಬಿಟ್ಟವನು. 1939ರಲ್ಲಿ ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಸಂಸ್ಥಾನದ ವಾಸ್ತುಶಿಲ್ಪಿಯಾದ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವನಿಗೆ ಸಂಬಂಧದಲ್ಲಿ ಮಾವ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಕೆಲವು ಕಟ್ಟಡಗಳು, ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವನ ಕೈಯವು. 1948ರಲ್ಲಿ ಭುವನೇಶ್ವರದ ನಕ್ಷೆಯನ್ನೂ ಬರೆದ. ಯುರೋಪಿನಲ್ಲಿ ಕಲಿತದ್ದನ್ನು ಇಲ್ಲಿನ ಬಿಸಿಲು, ಮಳೆಗೆ ಒಗ್ಗಿಸಬೇಕಾಗಿ ಬಂದಾಗ ಅವನು ಪಟ್ಟ ಪಾಡೇ ಮುಂದೆ ಉಷ್ಣ ನಾಡುಗಳ ವಸತಿ ಮತ್ತು ಕಟ್ಟಡದ ಮೇಲೆ 1974ರಲ್ಲಿ ಅವನೂ ಅವನ ಜೊತೆಗಾರರೂ ಹೊರತಂದ ಕೈಪಿಡಿಗೆ ತಾಯಿಬೇರು. ವಾಸ್ತುಶಿಲ್ಪ ಓದುವ ಮಕ್ಕಳು ಇವತ್ತಿಗೂ ಅದನ್ನು ತಿರುವುತ್ತಾರೆ. ಅದರ ಒಂದು ಪಾಠ ಹೀಗಿದೆ: ಕರಾವಳಿಯಂಥ ಬೆವರುವ ನಾಡಿನಲ್ಲಿ ಮನೆ ಹಗುರಾಗಿ, ತೆರೆದುಕೊಂಡು, ಗಾಳಿಗೆ ಮೈಯೊಡ್ಡಿ ಇರಬೇಕು. ಒಣಬಿಸಿಲಿನ ನಾಡಿನಲ್ಲಿ ಅದಕ್ಕೆ ಉಲ್ಟಾ. ಗೋಡೆ ದಪ್ಪ, ಕಿಂಡಿ ಸಣ್ಣದು, ಸೂರು ಭಾರದ್ದು, ಮನೆಗಳು ಒಂದಕ್ಕೊಂದು ಅಂಟಿಕೊಂಡು ಒಂದರ ನೆರಳಲ್ಲಿ ಇನ್ನೊಂದು ಇರಬೇಕು. ಹಗಲಿನ ಕಾವು ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿ ಹೊರಗೆ ತಂಪಾಗಿರಬೇಕು.

ಅಂದರೆ ಲಂಡನ್ನಿನಲ್ಲಿ ಅಚ್ಚಾದ ಆ ಕೈಪಿಡಿ ಹೇಳಿದ್ದು ನಮ್ಮ ಓಣಿಯ ಮೊದಲ ಮನೆಯನ್ನು. ಎರಡನೆಯ ಮನೆ, ಆ ಲೆಕ್ಕದಲ್ಲಿ, ತಪ್ಪು ಸೀಮೆಗೆ ಬಂದ ಮನೆ. ಆದರೂ ಅದು ಬದುಕಿಕೊಂಡಿತು. ಹೇಗೆ ಎಂಬುದರಲ್ಲೇ ಅದರ ಹೆಚ್ಚುಗಾರಿಕೆ ಇದೆ.

ಸಜ್ಜಾದಿಂದ ಶುರುಮಾಡಿ. ಯಾದಗಿರಿ ಇರುವುದು ಭೂಮಧ್ಯರೇಖೆಯಿಂದ ಹೆಚ್ಚು ಕಡಿಮೆ 16.8 ಡಿಗ್ರಿ ಉತ್ತರಕ್ಕೆ. ಮೇ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಮತ್ತೊಮ್ಮೆ ನಡುಹಗಲ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ನಿಂತು ನೆರಳನ್ನೇ ನುಂಗುತ್ತಾನೆ. ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಬಿಟ್ಟಿದ್ದರೆ ಮಾರ್ಚ್ 21ರ ಆಸುಪಾಸಿನ ನಡುಹಗಲಿಗೆ ಅದರ ನೆರಳು ಗೋಡೆಯ ಮೇಲೆ ಆರೂವರೆ ಅಡಿ ಇಳಿಯುತ್ತದೆ. ಕಿಟಕಿ ಪೂರ್ತಿ ನೆರಳಲ್ಲಿ. ಡಿಸೆಂಬರಿನಲ್ಲಿ ಸೂರ್ಯ ತೆಂಕಣಕ್ಕೆ ವಾಲಿ ನೆರಳು ಎರಡಡಿಯ ಮೇಲೆ ನಾಲ್ಕು ಇಂಚಷ್ಟೇ ಉಳಿಯುತ್ತದೆ. ಕಿಟಕಿಯ ಕೆಳಗಿನ ಅರ್ಧದಿಂದ ಎಳೆಬಿಸಿಲು ಒಳಗೆ ಬಂದು ಕೂಸಿನ ತೊಟ್ಟಿಲು ಬೆಚ್ಚಗಿರುತ್ತದೆ. ಬೇಡದಾಗ ತಡೆದು ಬೇಕಾದಾಗ ಬಿಡುವ ಈ ಯಂತ್ರಕ್ಕೆ ಕರೆಂಟು ಬೇಡ, ರಿಪೇರಿ ಬೇಡ. ಪಶ್ಚಿಮದ ಕೆಳಬಿಸಿಲಿಗೆ ಮಾತ್ರ ಸಜ್ಜಾ ಸಾಲದು. ಅದಕ್ಕೆ ಗೋಡೆಯಿಂದ ನಿಲುವಾಗಿ ಚಾಚಿದ ರೆಕ್ಕೆಗಳು ಬೇಕು, ಇಲ್ಲವೆ ಜಾಳಿ ಬೇಕು, ಇಲ್ಲವೆ ಅಲ್ಲಿ ಕಿಟಕಿಯೇ ಬೇಡ. ಅನುಭವವಿದ್ದ ಗೌಂಡಿಗಳು ಪಡುವಣಕ್ಕೆ ಬಚ್ಚಲನ್ನೋ ಮೆಟ್ಟಿಲನ್ನೋ ತಳ್ಳಿ ಕೈತೊಳೆದುಕೊಳ್ಳುತ್ತಿದ್ದರು.

ಇದನ್ನು ದೊಡ್ಡವರು ಕಲಿತದ್ದು ಬೆವರು ಹರಿಸಿಯೇ. 1933ರಲ್ಲಿ ಪ್ಯಾರಿಸ್ಸಿನಲ್ಲಿ ಕಾರ್ಬೂಸಿಯೆ ಸಾಲ್ವೇಶನ್ ಆರ್ಮಿಯವರಿಗೆ ಒಂದು ಆಶ್ರಯಧಾಮ ಕಟ್ಟಿಕೊಟ್ಟ. ದಕ್ಷಿಣದ ಮುಖವೆಲ್ಲ ತೆರೆಯಲಾಗದ ಗಾಜು. ಬೇಸಿಗೆ ಬಂದಾಗ ಒಳಗಿದ್ದವರು ಬೆಂದುಹೋದರು. ಮುಂದೆ ಅದರ ಮುಂಭಾಗಕ್ಕೆ ಬಿಸಿಲುತಡೆಗಳನ್ನು ಕೂಡಿಸಬೇಕಾಯಿತು. ಚಂಡೀಗಢಕ್ಕೆ ಬರುವ ಹೊತ್ತಿಗೆ ಅವನ ಕಟ್ಟಡಗಳ ಮುಖದ ಮೇಲೆಲ್ಲ ಆಳವಾದ ಕಾಂಕ್ರೀಟ್ ಚೌಕಟ್ಟುಗಳು, ಗಾಜು ಅವುಗಳ ಹಿಂದೆ ನೆರಳಲ್ಲಿ ಅಡಗಿ ಕುಳಿತಿತ್ತು. ಮೂಲದಲ್ಲಿ ಅದೂ ಸಜ್ಜಾವೇ, ನಿಲುವಿಗೂ ಅಡ್ಡಕ್ಕೂ ಸೇರಿಸಿದ ಸಜ್ಜಾ.

ಜಾಳಿಯದು ಇನ್ನೂ ತಮಾಷೆಯ ಪ್ರಯಾಣ. ಗುಂಬಜುಗಳಲ್ಲಿ, ದೇವಸ್ಥಾನಗಳ ನವರಂಗದಲ್ಲಿ ಕಲ್ಲಿನ ಜಾಲಂಧ್ರ ನಮಗೆ ಹಳೆಯದು. ದೆಹಲಿಯಲ್ಲಿ ಅಮೆರಿಕದ ರಾಯಭಾರ ಕಚೇರಿ ಕಟ್ಟಿದ ಎಡ್ವರ್ಡ್ ಡ್ಯುರೆಲ್ ಸ್ಟೋನ್ ಇಡೀ ಕಟ್ಟಡಕ್ಕೆ ಜಾಳಿಯ ಪರದೆ ಹೊದಿಸಿದ. 1959ರಲ್ಲಿ ಅದು ತೆರೆದುಕೊಂಡಿತು. ಅಮೆರಿಕದಲ್ಲಿ ಜಾಳಿ ಇಟ್ಟಿಗೆಯ ಹುಚ್ಚು ಹರಡಲು ಆ ಕಟ್ಟಡವೂ ಒಂದು ಕಾರಣ. ನಮ್ಮಲ್ಲಿಯೂ ಊರೂರಿನ ಸಿಮೆಂಟ್ ಸಾಮಾನಿನ ಅಂಗಡಿಗಳ ಮುಂದೆ ಹೂವಿನ ಜಾಳಿ, ಬಾಣದ ಜಾಳಿ, ಚಂದ್ರಕಲೆಯ ಜಾಳಿಗಳು ಪೇರಿಸಿ ನಿಂತವು. ಉಸುಕು, ಸಿಮೆಂಟು, ಒಂದು ತಗಡಿನ ಅಚ್ಚು ಇದ್ದರೆ ಆಯಿತು. ಜಗಲಿಗೆ ಜಾಳಿ ಕೂಡಿಸಿದ ಮನೆಯಲ್ಲಿ ಹೆಣ್ಣುಮಕ್ಕಳು ಒಳಗೆ ಕುಳಿತು ಜೋಳ ಹಸನು ಮಾಡುತ್ತ ಬೀದಿಯನ್ನೆಲ್ಲ ನೋಡಬಹುದು, ಬೀದಿಗೆ ಅವರು ಕಾಣುವುದಿಲ್ಲ. ಗಾಳಿಯೂ ಬರುತ್ತದೆ. ಸಂಜೆ ಪಡುವಣದ ಬಿಸಿಲು ಜಾಳಿಯಿಂದ ತೂರಿ ಪರಸಿಯ ನೆಲದ ಮೇಲೆ ರಂಗೋಲಿ ಹಾಕುತ್ತದೆ.

ಪರಸಿಯ ಬಗ್ಗೆಯೂ ಒಂದು ಮಾತು. ಬೂದಿಬಣ್ಣದ, ಕೆಲವೊಮ್ಮೆ ಹಸಿರು ಹೊಳೆಯುವ ಶಹಾಬಾದಿ ಪರಸಿ ಮುಂಬಯಿಯ ಚಾಳುಗಳ ವರಾಂಡಕ್ಕೂ ಹೈದರಾಬಾದಿನ ಅಂಗಳಕ್ಕೂ ಹೋಗಿ ಬಿತ್ತು. ಇಲ್ಲಿ ಅದು ನೆಲಕ್ಕಷ್ಟೇ ಅಲ್ಲ, ಅಡಿಗೆ ಕಟ್ಟೆಗೆ, ಗೋಡೆಯ ಶೆಲ್ಫಿಗೆ, ಬಚ್ಚಲಿಗೆ, ಹಿತ್ತಲ ಬೇಲಿಗೂ ಬಂತು. ಬೇಸಿಗೆಯಲ್ಲಿ ನೀರು ಚಿಮುಕಿಸಿ ಬರಿಮೈಯಲ್ಲಿ ಅದರ ಮೇಲೆ ಮಲಗುವ ಸುಖ ಟೈಲ್ಸಿನಲ್ಲಿಲ್ಲ. ಸ್ಥಳದ ಕಲ್ಲಿನ ಗುಣವನ್ನು ದೊಡ್ಡವರೂ ಕಂಡುಕೊಂಡರು. ಅಹಮದಾಬಾದಿನ ವಾಸ್ತುಶಿಲ್ಪಿ ಬಿ.ವಿ. ದೋಶಿಯವರು 1970ರ ದಶಕದ ಕೊನೆಯಿಂದ ಬೆಂಗಳೂರಿನ ಐಐಎಂ ಕಟ್ಟುವಾಗ ಒರಟು ಕಲ್ಲಿನ ಗೋಡೆ, ಉದ್ದುದ್ದ ಓಣಿಗಳಂಥ ಹಾದಿ, ಮೇಲೆ ಕಾಂಕ್ರೀಟ್ ಪಟ್ಟಿಗಳ ಚಪ್ಪರ ಮಾಡಿದರು. ಕಾರ್ಬೂಸಿಯೆಯ ಬಳಿ ಕೆಲಸ ಕಲಿತವರು ಕೊನೆಗೆ ಸ್ಥಳದ ಕಲ್ಲಿಗೆ, ನೆರಳಿನ ಓಣಿಗೆ ಬಂದು ನಿಂತದ್ದು ಗಮನಿಸಬೇಕಾದ್ದು. 2018ರಲ್ಲಿ ಅವರಿಗೆ ವಾಸ್ತುಶಿಲ್ಪದ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು.

ಯಾದಗಿರಿ ಜಿಲ್ಲೆಯಲ್ಲಿ ಆ ಕಾಲದ ಶೈಲಿಯನ್ನು ಒಂದೇ ಕಡೆ ನೋಡಬೇಕೆಂದರೆ ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಗೆ ಹೋಗಬೇಕು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟ ಮೇಲೆ ಕಾಲುವೆ ತೋಡುವ ಎಂಜಿನಿಯರುಗಳಿಗೆ, ಗುಮಾಸ್ತರಿಗೆ, ಡ್ರೈವರುಗಳಿಗೆ ಎದ್ದ ಕ್ಯಾಂಪುಗಳಲ್ಲಿ ಅದೊಂದು. ಇಂಥ ನೀರಾವರಿ ಕ್ಯಾಂಪುಗಳ ರೂಪ ರಾಜ್ಯದಲ್ಲೆಲ್ಲ ಒಂದೇ: ಸಾಲು ಕ್ವಾರ್ಟರ್ಸು, ದರ್ಜೆಗೆ ತಕ್ಕ ಅಳತೆ, ಮಟ್ಟಸ ಸೂರು, ಉದ್ದ ಸಜ್ಜಾ, ಹಿಂದೆ ಸಣ್ಣ ಅಂಗಳ, ಬೇವಿನ ಮರಗಳ ನೆರಳು, ನಡುವೆ ಸಾಹೇಬರು ಬಂದಾಗ ಇಳಿದುಕೊಳ್ಳುವ ಒಂದು ಐಬಿ. ಇಲ್ಲಿ ಅಲಂಕಾರವೆಂದರೆ ಲೆಕ್ಕಾಚಾರವೇ. ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಮೊದಲು, ಪಕ್ಕದ ಸುರಪುರದ ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಬಂಗಲೆ ಕಟ್ಟಿಕೊಂಡಾಗಲೂ ದಪ್ಪ ಗೋಡೆ, ಸುತ್ತ ವರಾಂಡಗಳನ್ನು ಮರೆತಿರಲಿಲ್ಲ. ದೊರೆಯಾಗಲಿ ಓವರ್‌ಸೀಯರ್ ಆಗಲಿ, ಈ ಬಿಸಿಲು ಎಲ್ಲರಿಂದಲೂ ನೆರಳಿನ ಸುಂಕ ವಸೂಲು ಮಾಡಿದೆ.

ಸ್ಲ್ಯಾಬ್ ಹಾಕುವ ದಿನ ಹಳ್ಳಿಯಲ್ಲಿ ಈಗಲೂ ಒಂದು ಹಬ್ಬ. ಹಿಂದಿನ ರಾತ್ರಿಯೇ ಸೆಂಟ್ರಿಂಗಿನ ಹಲಗೆಗಳ ಮೇಲೆ ಸಳಿ ಕಟ್ಟಿ ಮುಗಿದಿರುತ್ತದೆ. ನಸುಕಿನಲ್ಲಿ ಮಿಕ್ಸರಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ಮಿಕ್ಸರ್ ಇಲ್ಲದ ಕಾಲದಲ್ಲಿ ತಗಡಿನ ಮೇಲೆ ಸಲಿಕೆಯಿಂದಲೇ ಕಲಸುತ್ತಿದ್ದರು: ಒಂದು ಪಾಲು ಸಿಮೆಂಟು, ಎರಡು ಪಾಲು ಉಸುಕು, ನಾಲ್ಕು ಪಾಲು ಖಡಿ. ಏಣಿಯ ಉದ್ದಕ್ಕೂ ಹೆಂಗಸರು, ಗಂಡಸರು ಸಾಲುಗಟ್ಟಿ ನಿಂತು ಪುಟ್ಟಿಯನ್ನು ಕೈಯಿಂದ ಕೈಗೆ ಹಾಯಿಸುತ್ತಾರೆ. ಒಮ್ಮೆ ಶುರುವಾದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ಆ ಗದ್ದಲದ ನಡುವೆಯೂ ಇಂಥ ಮಾತು ಕೇಳದೆ ಇರುವುದಿಲ್ಲ:

“ಗೌಂಡೇರ, ಸಜ್ಜಾ ಎಷ್ಟ ಬಿಟ್ಟೀರಿ?”

“ಎರಡಡಿ ಬಿಟ್ಟೀನ್ರೀ ಸಾವ್ಕಾರ್ರ. ಮಳಿ ಬಡಿಬಾರದಲ್ರೀ.”

“ಸಿಮೆಂಟ್ ಭಾಳ ತಿಂತದಲ್ಲೋ ಮಾರಾಯ!”

“ತಿನ್ಲಿ ಬಿಡ್ರಿ, ನೆಳ್ಳ ಕೊಡ್ತದ.”

ಸಾಹುಕಾರರ ಚಿಂತೆಯೂ ಸುಳ್ಳಲ್ಲ. ಸಿಮೆಂಟಿನ ಮೇಲೆ ಸರಕಾರದ ಹಿಡಿತವಿದ್ದ ಕಾಲದಲ್ಲಿ ಒಂದೊಂದು ಚೀಲಕ್ಕೂ ಪರ್ಮಿಟ್ ಬೇಕಿತ್ತು, ಕಾರ್ಖಾನೆಯ ಚಿಮಣಿ ಕಣ್ಣಿಗೆ ಕಾಣುವ ಊರಿನಲ್ಲೂ. 1982ರಲ್ಲಿ ಹಿಡಿತ ಸಡಿಲಾಯಿತು, 1989ರಲ್ಲಿ ಪೂರ್ತಿ ಹೋಯಿತು. ಹಳ್ಳಿಗಳಲ್ಲಿ ಸ್ಲ್ಯಾಬಿನ ಮನೆಗಳ ಬೆಳೆ ಜೋರಾದದ್ದು ಆಮೇಲೆಯೇ. ಪ್ಯಾರಾಪೆಟ್ಟಿನ ಮೇಲಿನ ಇಸವಿಗಳನ್ನು ಓದುತ್ತ ಹೋದರೆ ಕಣ್ಣಿಗೇ ಕಾಣುತ್ತದೆ. ಸ್ಲ್ಯಾಬ್ ಬಿಗಿದ ಮರುದಿನ ಅದರ ಮೇಲೆ ಮಣ್ಣಿನ ಬದು ಕಟ್ಟಿ, ಭತ್ತದ ಮಡಿಗಳಂತೆ ಚೌಕ ಚೌಕ ಮಾಡಿ ನೀರು ನಿಲ್ಲಿಸುತ್ತಾರೆ. ಹಲಗೆ ಬಿಚ್ಚಿದಾಗ ಸ್ಲ್ಯಾಬಿನ ಹೊಟ್ಟೆಯ ಮೇಲೆ ಹಲಗೆಯ ಗೆರೆ, ಗಂಟು ಎಲ್ಲ ಮೂಡಿರುತ್ತವೆ. ಫ್ರಾನ್ಸಿನ ಮಾರ್ಸೇಯಲ್ಲಿ 1952ರಲ್ಲಿ ಮುಗಿದ ವಸತಿ ಸಂಕೀರ್ಣದಲ್ಲಿ ಕಾರ್ಬೂಸಿಯೆ ಆ ಗೆರೆಗಳನ್ನು ಬೇಕೆಂದೇ ಉಳಿಸಿಕೊಂಡ. ಅದರಿಂದ ಬ್ರೂಟಲಿಸಂ ಎಂಬ ಪಂಥವೇ ಹುಟ್ಟಿತು. ನಮ್ಮ ಗೌಂಡಿ ಎಂಟು ದಿನದಲ್ಲಿ ಅದರ ಮೇಲೆ ಗಿಲಾವು ಮಾಡಿ ಸುಣ್ಣ ಬಳಿಯುತ್ತಾನೆ. ಹಾಗೇ ಬಿಟ್ಟರೆ ಸಾಹುಕಾರರು ಕೂಲಿ ಹಿಡಿಯುತ್ತಾರೆ.

ಸ್ಲ್ಯಾಬಿನ ದೋಷವನ್ನು ಮುಚ್ಚಿಡುವುದು ಬೇಡ. ನಾಲ್ಕೈದು ಇಂಚಿನ ಕಾಂಕ್ರೀಟು ಹಗಲಿನ ಕಾವನ್ನು ಕೆಲವೇ ತಾಸಿನಲ್ಲಿ ಒಳಗೆ ದಾಟಿಸಿಬಿಡುತ್ತದೆ. ಸಂಜೆ ಹೊರಗೆ ಗಾಳಿ ತಂಪಾಗುವ ಹೊತ್ತಿಗೆ ಒಳಗೆ ಸೂರು ಕೆಂಡ ಕಾರುತ್ತದೆ. ಫ್ಯಾನು ಆ ಬಿಸಿಯನ್ನೇ ಕೆಳಗೆ ದಬ್ಬುತ್ತದೆ. ಮಣ್ಣಿನ ಮಾಳಿಗೆ ಸೋರುತ್ತಿತ್ತು, ಸುಡುತ್ತಿರಲಿಲ್ಲ. ಸ್ಲ್ಯಾಬು ಸೋರುವುದಿಲ್ಲ, ಸುಡುತ್ತದೆ. ಅದಕ್ಕೇ ಜನ ಉಪಾಯ ಹುಡುಕಿದರು: ಮೇಲೆ ಸುಣ್ಣ ಬಳಿಯುವುದು, ಬೇಸಿಗೆ ತುಂಬ ಮೇವಿನ ಸೊಪ್ಪೆ ಒಟ್ಟುವುದು, ಸಂಜೆ ನಾಲ್ಕು ಕೊಡ ನೀರು ಹೊಯ್ಯುವುದು, ಕೊನೆಗೆ ಹಾಸಿಗೆ ಹೊತ್ತು ಮೇಲೆ ಹೋಗುವುದು. ಇಷ್ಟೆಲ್ಲ ಆದರೂ ಆ ಕಾಲದ ಮನೆ ಸಹ್ಯವಾಗಿದ್ದದ್ದು ಅದಕ್ಕೆ ಸಜ್ಜಾ, ಜಾಳಿ, ವೆಂಟಿಲೇಟರ್, ಜಗಲಿ ಎಂಬ ನಾಲ್ವರು ಕಾವಲುಗಾರರು ಇದ್ದುದರಿಂದ. ಗೋಡೆಗೆ ಬಿಸಿಲು ಬೀಳಲಿಲ್ಲ, ಸೂರಿನ ಕೆಳಗೆ ಕೂಡಿದ ಬಿಸಿಗಾಳಿ ವೆಂಟಿಲೇಟರಿನಿಂದ ಹೊರಗೆ ಹೋಯಿತು.

ಈಗ ಮೂರನೆಯ ಮನೆ. ಅದರ ಯಜಮಾನನಿಗೆ ಗೌಂಡಿ ಮೊಬೈಲಿನಲ್ಲಿ ತೋರಿಸಿದ್ದು ‘ಎಲಿವೇಶನ್’. ಮುಂಗೋಡೆಗೆ ಕಡುಬಣ್ಣದ ಪಟ್ಟಿಗಳು, ಅಲ್ಯುಮಿನಿಯಂ ಹಾಳೆ, ಎರಡಂತಸ್ತಿನಷ್ಟು ನೀಲಿ ಗಾಜು, ಅದು ಪಡುವಣಕ್ಕೆ. ಸಜ್ಜಾ ಇಲ್ಲ, ಅದು ಹಳೆಯ ಫ್ಯಾಷನ್ನು. ವೆಂಟಿಲೇಟರ್ ಇಲ್ಲ, ಏಸಿಯ ತಂಪು ಹೊರಗೆ ಹೋಗುತ್ತದೆ. ಜಾಳಿ ಇಲ್ಲ, ಧೂಳು ಬರುತ್ತದೆ. ಉಳಿದದ್ದು ಸ್ಲ್ಯಾಬು ಒಂದೇ, ಆ ಶೈಲಿಯಲ್ಲಿ ನಮಗೆ ಹೊಂದದೆ ಇದ್ದ ಒಂದೇ ಒಂದು ಭಾಗ. ಹೊಂದಿದ್ದನ್ನೆಲ್ಲ ಕಿತ್ತುಹಾಕಿದ್ದೇವೆ. ಪ್ಯಾರಿಸ್ಸಿನ ಆ ಆಶ್ರಯಧಾಮದ ಗಾಜಿನ ಮುಖ ತೊಂಬತ್ತು ವರ್ಷ ತಡವಾಗಿ ಯಾದಗಿರಿಯ ಬಿಸಿಲಿಗೆ ಬಂದು ತಲುಪಿದೆ. ಅದು ಕಲಿಸಿದ ಪಾಠ ಮಾತ್ರ ದಾರಿಯಲ್ಲಿ ಎಲ್ಲೋ ಉದುರಿಹೋಗಿದೆ. ಮೇ ತಿಂಗಳಲ್ಲಿ ಕರೆಂಟು ಹೋದ ಮಧ್ಯಾಹ್ನ ಆ ಮನೆಯವರು ಎಲ್ಲಿ ಕೂರುತ್ತಾರೆ ನೋಡಿ: ಪಕ್ಕದ ಹಳೆಯ ಸ್ಲ್ಯಾಬಿನ ಮನೆಯ ಜಗಲಿಯಲ್ಲಿ, ಇನ್ನೂ ಬುದ್ಧಿವಂತರಾದರೆ ಅದರಾಚೆಯ ಮಾಳಿಗೆ ಮನೆಯ ಪಡಸಾಲೆಯಲ್ಲಿ.

1950ರಿಂದ 1980ರ ನಡುವಿನ ಸಾಲೆ, ದವಾಖಾನೆ, ಕ್ವಾರ್ಟರ್ಸುಗಳನ್ನು ಶಿಥಿಲವೆಂದು ಬೀಳಿಸುವ ಕೆಲಸ ಜೋರಾಗಿ ನಡೆದಿದೆ. ಅವು ಪುರಾತತ್ವದ ಪಟ್ಟಿಗೆ ಬರುವಷ್ಟು ಹಳೆಯವಲ್ಲ, ಫೋಟೊ ತೆಗೆಯುವಷ್ಟು ಚಂದವೂ ಅಲ್ಲ. ಸಳಿ ತುಕ್ಕುಹಿಡಿದು ಸ್ಲ್ಯಾಬು ಉದುರುತ್ತಿದ್ದರೆ ಬೀಳಿಸಲೇಬೇಕು, ಮಕ್ಕಳ ತಲೆಗಿಂತ ಶೈಲಿ ದೊಡ್ಡದಲ್ಲ. ಆದರೆ ಬೀಳಿಸುವ ಮುಂಚೆ ಆ ಊರಿನ ಎಂಜಿನಿಯರು ಒಮ್ಮೆ ಟೇಪು ಹಿಡಿದು ಅದರ ಸಜ್ಜಾ, ಕಿಟಕಿ, ವರಾಂಡಗಳ ಅಳತೆ ಬರೆದಿಟ್ಟುಕೊಳ್ಳಲಿ. ಕಲಬುರಗಿಯ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಅದೇ ಪ್ರಾಜೆಕ್ಟು ಆಗಲಿ. ಇನ್ನು ಮನೆ ಕಟ್ಟಿಸಲು ಹೊರಟಿರುವ ಓದುಗರಿಗೆ ನನ್ನದು ಇಷ್ಟೇ ವಿನಂತಿ: ಎಲಿವೇಶನ್ನಿಗೆ ಇಟ್ಟ ದುಡ್ಡಿನಲ್ಲಿ ಒಂದಿಷ್ಟು ಉಳಿಸಿ, ಪಡುವಣಕ್ಕೆ ಗಾಜು ಹಾಕಿಸಬೇಡಿ, ಸ್ಲ್ಯಾಬಿನ ಮೇಲೆ ಬಿಳಿ ಸುಣ್ಣ ಬಳಿಸಿ, ಪ್ರತಿ ಕಿಟಕಿಯ ಮೇಲೆ ಎರಡಡಿ ಸಜ್ಜಾ ಬಿಡಿಸಿ.